ಹಳೆಯ ಪತ್ರಿಕೆಗಳ ಡಿಜಿಟಲೀಕರಣ: ಯಾರಿಗೆ ಯಾವ ದಾರಿ?

ಸಂಘಗಳ ಬೀರುಗಳಲ್ಲಿ, ಬಾಗಿಲು ಮುಚ್ಚಿದ ಮುದ್ರಣಾಲಯಗಳ ಅಟ್ಟದಲ್ಲಿ, ಒಂದು ಕಾಲದ ಸಂಪಾದಕರ ಮನೆಯ ಪೆಟ್ಟಿಗೆಗಳಲ್ಲಿ ಹಳೆಯ ಕನ್ನಡ ಪತ್ರಿಕೆಗಳ ಸಂಪುಟಗಳು ಇನ್ನೂ ಸಾಕಷ್ಟು ಉಳಿದಿವೆ. ಅವನ್ನು ಡಿಜಿಟಲ್ ರೂಪಕ್ಕೆ ತರಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಸ್ಕ್ಯಾನರ್ ಕೊಳ್ಳಬೇಕು ಎಂದು. ಏಜೆನ್ಸಿಗೆ ಕೊಡುವುದೋ, ನಾವೇ ಮಾಡುವುದೋ, ಮೈಕ್ರೊಫಿಲ್ಮ್ (ಪುಟಗಳ ಪುಟ್ಟ ಚಿತ್ರಗಳಿರುವ ಫಿಲ್ಮ್ ಸುರುಳಿ) ಮಾಡಿಸುವುದೋ, ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಜಾಲ ಗ್ರಂಥಾಲಯಕ್ಕೆ ಏರಿಸಿ ನಿಶ್ಚಿಂತರಾಗುವುದೋ ಎಂಬ ತೂಗಾಟದಲ್ಲಿ ವರ್ಷಗಳು ಕಳೆದುಹೋಗುತ್ತವೆ. ಅಷ್ಟರಲ್ಲಿ ಕಾಗದ ಇನ್ನಷ್ಟು ಪುಡಿಯಾಗಿರುತ್ತದೆ. ಯಂತ್ರದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರುವ ಸಂಪುಟವನ್ನೇ ಕೆಲವು ಪ್ರಶ್ನೆ ಕೇಳಬೇಕು. ಅವುಗಳ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ.

ಮೊದಲು ಕಾಗದ, ಆಮೇಲೆ ಓದುಗ

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಾಗದದ ಸ್ಥಿತಿ. ಹಳೆಯದಾದಷ್ಟೂ ಕಾಗದ ದುರ್ಬಲ ಎಂದು ನಾವು ಎಣಿಸುತ್ತೇವೆ. ಪತ್ರಿಕೆಗಳ ವಿಷಯದಲ್ಲಿ ಈ ಎಣಿಕೆ ಎಷ್ಟೋ ಸಲ ತಲೆಕೆಳಗಾಗುತ್ತದೆ. ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಕಾಲದಲ್ಲಿ ಕಾಗದ ತಯಾರಾಗುತ್ತಿದ್ದದ್ದು ಚಿಂದಿಬಟ್ಟೆಯ ನಾರಿನಿಂದ. ಅಂಥ ಕಾಗದ ಒಂದೂವರೆ ಶತಮಾನದ ನಂತರವೂ ಬಾಗುತ್ತದೆ, ಮಡಚುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ನ್ಯೂಸ್‌ಪ್ರಿಂಟ್ ಬಂತು. ಆ ತಿರುಳಿನಲ್ಲಿ ಉಳಿದುಬಿಡುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಮತ್ತು ಗಾಳಿಯ ಸಂಪರ್ಕದಲ್ಲಿ ಹಳದಿಯಾಗುತ್ತದೆ. ಕಾಗದದೊಳಗಿನ ಆಮ್ಲ ನಾರುಗಳನ್ನು ತುಂಡರಿಸುತ್ತದೆ. ಹೀಗಾಗಿ 1940ರ ದಶಕದ ದಿನಪತ್ರಿಕೆಯೊಂದು ತನಗಿಂತ ನೂರು ವರ್ಷ ಹಿರಿಯದಾದ ಪತ್ರಿಕೆಗಿಂತ ಮೊದಲೇ ಹಪ್ಪಳದಂತೆ ಮುರಿಯುವ ಸ್ಥಿತಿ ತಲುಪಿರಬಹುದು. ಕರಾವಳಿ, ಮಲೆನಾಡುಗಳ ತೇವ ಸೇರಿದರೆ ಬೂಸ್ಟು, ಗೆದ್ದಲು, ಕಾಗದ ತಿನ್ನುವ ಹುಳುಗಳೂ ಜೊತೆಯಾಗುತ್ತವೆ.

ಪರೀಕ್ಷೆ ಸರಳ. ಸಂಪುಟವನ್ನು ಮೇಜಿನ ಮೇಲಿಟ್ಟು ನಡುವಿನ ಒಂದು ಪುಟವನ್ನು ಎರಡೂ ಕೈಯಲ್ಲಿ ನಿಧಾನವಾಗಿ ತಿರುವಿ. ಮೇಜಿನ ಮೇಲೆ ಚೂರುಗಳು ಉದುರಿದರೆ, ಆ ಸಂಪುಟವನ್ನು ಇನ್ನೊಂದೇ ಸಲ ತೆರೆಯಬಹುದು ಎಂದು ತಿಳಿದು ಯೋಜನೆ ಮಾಡಿ. ಉದುರದಿದ್ದರೆ ನಿಮಗೆ ಸ್ವಲ್ಪ ಕಾಲಾವಕಾಶವಿದೆ.

ಎರಡನೆಯದು, ಯಾರು ಹೇಗೆ ಹುಡುಕುತ್ತಾರೆ ಎಂಬುದು. 1938ರ ಏಪ್ರಿಲ್‌ನ ಶಿವಪುರ ಧ್ವಜ ಸತ್ಯಾಗ್ರಹ ಮತ್ತು ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರ್ ಬಗ್ಗೆ ಕೆಲಸ ಮಾಡುವ ಸಂಶೋಧಕರಿಗೆ ಬೇಕಾದದ್ದು ತಾರೀಖು. ಏಪ್ರಿಲ್, ಮೇ ತಿಂಗಳ ಸಂಚಿಕೆಗಳ ಸ್ಪಷ್ಟ ಚಿತ್ರಗಳು ದಿನದ ಕ್ರಮದಲ್ಲಿ ಸಿಕ್ಕಿದರೆ ಅವರ ಕೆಲಸ ನಡೆಯುತ್ತದೆ. ಆ ಗೋಲಿಬಾರಿನಲ್ಲಿ ಗಾಯಗೊಂಡ ತಮ್ಮ ಮುತ್ತಜ್ಜನ ಹೆಸರು ಎಲ್ಲಾದರೂ ಅಚ್ಚಾಗಿದೆಯೇ ಎಂದು ಹುಡುಕುವ ಮರಿಮೊಮ್ಮಗಳಿಗೆ ತಾರೀಖು ಸಾಲದು, ಪದ ಹುಡುಕುವ ಸೌಲಭ್ಯವೇ ಬೇಕು. ಹಳೆಯ ಜಾಹೀರಾತು, ಮರದ ಅಚ್ಚಿನ ಚಿತ್ರ, ಪುಟವಿನ್ಯಾಸ ಅಧ್ಯಯನ ಮಾಡುವವರಿಗೆ ಪಠ್ಯಕ್ಕಿಂತ ಚಿತ್ರದ ಗುಣಮಟ್ಟ ಮುಖ್ಯ. ನಿಮ್ಮ ಸಂಗ್ರಹಕ್ಕೆ ಬರುವವರು ಇವರಲ್ಲಿ ಯಾರು?

ಉಳಿದವು ಮೂರು: ಒಂದೇ ಸಲ ಖರ್ಚು ಮಾಡಲು ಹಣವಿದೆಯೋ ಅಥವಾ ವರ್ಷ ವರ್ಷ ಸ್ವಲ್ಪ ಸಿಗುತ್ತದೆಯೋ; ಹತ್ತು ವರ್ಷಗಳ ನಂತರ ಕಡತಗಳನ್ನು ನೋಡಿಕೊಳ್ಳುವವರು ಯಾರು; ಪ್ರಕಟಿಸುವ ಹಕ್ಕು ನಿಮಗಿದೆಯೇ.

ಇವೆಲ್ಲವನ್ನೂ ತೂಗುವಾಗ ನಾನು ಬಿಡದೆ ಹಿಡಿದಿರುವ ತತ್ವ ಒಂದಿದೆ. ಚಿತ್ರ ತೆಗೆಯುವ ಅವಕಾಶ ಒಂದೇ ಸಲ, ಆ ಚಿತ್ರದಿಂದ ಹುಡುಕಬಲ್ಲ ಪಠ್ಯ ತೆಗೆಯುವ ಅವಕಾಶ ಎಷ್ಟು ಸಲವಾದರೂ ಉಂಟು. ಚೆನ್ನಾಗಿ ತೆಗೆದ ಚಿತ್ರ ಕೈಯಲ್ಲಿದ್ದರೆ ಇಂದಿನ ತಂತ್ರಾಂಶ ಓದಲಾರದ ಅಕ್ಷರವನ್ನು ಐದು ವರ್ಷದ ನಂತರದ ತಂತ್ರಾಂಶ ಓದೀತು. ಮಸುಕಾಗಿ ತೆಗೆದ ಪುಟವನ್ನು ಮತ್ತೆ ತೆಗೆಯೋಣವೆಂದರೆ ಆ ಹೊತ್ತಿಗೆ ಪುಟವೇ ಇರಲಾರದು. ಹಣ ಸಾಲದಿದ್ದಾಗ ಕತ್ತರಿ ಬೀಳಬೇಕಾದದ್ದು ಪಠ್ಯದ ಖರ್ಚಿಗೆ, ಚಿತ್ರದ ಖರ್ಚಿಗೆ ಎಂದಿಗೂ ಅಲ್ಲ.

ಎಷ್ಟು ಸ್ಪಷ್ಟವಾಗಿದ್ದರೆ ಸಾಕು?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಪತ್ರಿಕಾ ಯೋಜನೆಗೆ ಇಟ್ಟುಕೊಂಡಿರುವ ಅಳತೆ ಇಂಚಿಗೆ 400 ಚುಕ್ಕೆ, ಬೂದುಬಣ್ಣದ ಟಿಫ್ (ವಿವರ ಕಳೆಯದೆ ಚಿತ್ರ ಉಳಿಸುವ ಬಗೆಯ) ಕಡತ. ನಾವೂ ಇದನ್ನೇ ಗುರಿಯಾಗಿ ಇಟ್ಟುಕೊಳ್ಳಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತವೆ. ಸವೆದ ಮೊಳೆಯಲ್ಲಿ ಅಚ್ಚಾದಾಗ ತ ಒತ್ತಿಗೂ ನ ಒತ್ತಿಗೂ ಇರುವ ಅಂತರ ಒಂದು ಕೂದಲೆಳೆಯಷ್ಟು. ಸ್ಪಷ್ಟತೆಯಲ್ಲಿ ರಾಜಿ ಮಾಡಿಕೊಂಡರೆ ಮೊದಲು ಕಳೆದುಹೋಗುವುದು ಇಂಥ ಕಡೆಯಲ್ಲೇ.

ದೊಡ್ಡ ಅಳತೆಯ ದಿನಪತ್ರಿಕೆಯ ಒಂದು ಪುಟ 23 ಇಂಚು ಉದ್ದ, 16 ಇಂಚು ಅಗಲ ಎಂದು ಇಟ್ಟುಕೊಳ್ಳೋಣ. ಇಂಚಿಗೆ 400 ಚುಕ್ಕೆಯಂತೆ ತೆಗೆದರೆ ಒಂದು ಪುಟಕ್ಕೆ ಸುಮಾರು 5.9 ಕೋಟಿ ಪಿಕ್ಸೆಲ್ ಬೇಕು. ಬೂದುಬಣ್ಣದಲ್ಲಿ ಒಂದು ಕಡತ ಸುಮಾರು 59 ಎಂಬಿ, ಪೂರ್ಣ ಬಣ್ಣದಲ್ಲಿ ಸುಮಾರು 177 ಎಂಬಿ. ಆರು ಪುಟದ ದಿನಪತ್ರಿಕೆಯ 300 ಸಂಚಿಕೆಗಳಿಗೆ ಬಣ್ಣದಲ್ಲಿ 320 ಜಿಬಿಯಷ್ಟು ಜಾಗ, ಬೂದುಬಣ್ಣದಲ್ಲಿ ಅದರ ಮೂರನೇ ಒಂದು ಪಾಲು. ಕಲೆ, ತೇವದ ಗುರುತು, ಹಳದಿ ಬಣ್ಣ ತುಂಬಿದ ಪುಟಗಳನ್ನು ಬಣ್ಣದಲ್ಲೇ ತೆಗೆಯುವುದು ಒಳ್ಳೆಯದು. ಶಾಯಿ ಯಾವುದು, ಕಲೆ ಯಾವುದು ಎಂದು ಮುಂದೆ ಬೇರ್ಪಡಿಸಲು ಬಣ್ಣವೇ ಆಧಾರ.

ಈ ಲೆಕ್ಕವನ್ನು ಇಟ್ಟುಕೊಂಡರೆ ಸಲಕರಣೆಗಳನ್ನು ಹೋಲಿಸುವುದು ಸುಲಭ.

ಮೊಬೈಲ್ ಫೋನಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಂಥ ಪುಟಕ್ಕೆ ಇಂಚಿಗೆ 175 ಚುಕ್ಕೆ ದಕ್ಕುತ್ತದೆ. ಇನ್ನೂ ದೊಡ್ಡ ಸಂಖ್ಯೆ ಬರೆದಿರುವ ಫೋನುಗಳೂ ಸಾಮಾನ್ಯವಾಗಿ ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸಿ ಇಷ್ಟೇ ಅಳತೆಯ ಚಿತ್ರ ಕೊಡುತ್ತವೆ. ಗ್ರಂಥಾಲಯದಲ್ಲಿ ಕುಳಿತು ತನ್ನ ಪ್ರಬಂಧಕ್ಕೆ ಬೇಕಾದ ನಾಲ್ಕು ಸುದ್ದಿಗಳನ್ನು ಸೆರೆಹಿಡಿಯುವ ವಿದ್ಯಾರ್ಥಿಗೆ ಫೋನೇ ಉತ್ತಮ. ಸಂಗ್ರಹವನ್ನು ಉಳಿಸುವ ಕೆಲಸಕ್ಕೆ ಅದನ್ನು ಬಳಸಬೇಡಿ.

ಎ3 ಅಳತೆಯ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಅನೇಕರ ಮೊದಲ ಆಯ್ಕೆ. ವಾರಪತ್ರಿಕೆ, ಮಾಸಿಕ, ಬಿಡಿ ಹಾಳೆಗಳಿಗೆ ಅದು ಸರಿ. ದಿನಪತ್ರಿಕೆಯ ಪುಟ ಅದರ ಗಾಜಿನಲ್ಲಿ ಹಿಡಿಸುವುದಿಲ್ಲ. ಬೈಂಡ್ ಮಾಡಿದ ಸಂಪುಟವನ್ನು ಬೋರಲು ಹಾಕಿ ಒತ್ತಬೇಕಾಗುತ್ತದೆ, ಸಂಪುಟದ ಬೆನ್ನು ಅಲ್ಲೇ ಸೀಳುತ್ತದೆ. ಹಾಳೆಗಳನ್ನು ಒಳಕ್ಕೆ ಎಳೆದುಕೊಳ್ಳುವ ಕಚೇರಿ ಸ್ಕ್ಯಾನರಿನ ಹತ್ತಿರಕ್ಕೂ ಹಳೆಯ ನ್ಯೂಸ್‌ಪ್ರಿಂಟನ್ನು ಒಯ್ಯಬಾರದು.

ನನ್ನ ಒಲವು ಕ್ಯಾಮೆರಾ ಕಂಬದ ಕಡೆಗೆ. ಮೇಜಿಗೆ ಬಿಗಿದ ಕಂಬದಿಂದ ಕ್ಯಾಮೆರಾ ನೇರ ಕೆಳಗೆ ನೋಡುತ್ತದೆ, ಎರಡು ಬದಿಯಿಂದ 45 ಡಿಗ್ರಿ ಓರೆಯಲ್ಲಿ ಸಮನಾದ ಬೆಳಕು ಬೀಳುತ್ತದೆ, ಸಂಪುಟ ಮಲಗಿದಂತೆಯೇ ಇರುತ್ತದೆ. ಪುಟವನ್ನು ತಿರುವುವುದು ಬಿಟ್ಟರೆ ಕಾಗದಕ್ಕೆ ಬೇರೆ ಶ್ರಮವಿಲ್ಲ. ಪುಟದ ಪಕ್ಕ ಒಂದು ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇಟ್ಟರೆ ಮೂಲದ ಗಾತ್ರ, ಬಣ್ಣ ಎರಡೂ ದಾಖಲಾಗುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಇಡೀ ಪುಟಕ್ಕೆ ಇಂಚಿಗೆ 250 ಚುಕ್ಕೆ ಬರುತ್ತದೆ. ಓದಲು ಅಡ್ಡಿಯಿಲ್ಲ, ಅಕ್ಷರ ಗುರುತಿಸುವ ತಂತ್ರಾಂಶಗಳು ಬಯಸುವ 300ಕ್ಕಿಂತ ಮಾತ್ರ ಕಡಿಮೆ. ಪುಟವನ್ನು ಮೇಲರ್ಧ, ಕೆಳಗಿನರ್ಧ ಎಂದು ಎರಡು ಸಲ ತೆಗೆದರೆ ಅದೇ ಕ್ಯಾಮೆರಾದಿಂದ 330ರ ಆಸುಪಾಸಿಗೆ ಏರಬಹುದು. ಆಗ ದುಡಿಮೆ ಇಮ್ಮಡಿಯಾಗುತ್ತದೆ, ಜೋಡಿಸುವ ಕೆಲಸವೂ ಸೇರುತ್ತದೆ. 45 ಮೆಗಾಪಿಕ್ಸೆಲ್‌ನಲ್ಲಿ ಒಂದೇ ಹೊಡೆತಕ್ಕೆ 340, 61 ಮೆಗಾಪಿಕ್ಸೆಲ್‌ನಲ್ಲಿ 400ಕ್ಕೆ ಹತ್ತಿರ. ಕೈ ಬದಲಾಯಿಸಿದ 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾವಿರಗಳಲ್ಲಿ ಸಿಗುತ್ತದೆ. 45 ದಾಟಿದ ಹೊಸ ಕ್ಯಾಮೆರಾ ಮತ್ತು ಸಮೀಪದ ಚಿತ್ರಕ್ಕೆ ಯೋಗ್ಯವಾದ ಲೆನ್ಸ್‌ಗೆ ಲಕ್ಷಗಳ ಮಾತು. ಹತ್ತು ಹದಿನೈದು ಸಂಪುಟಗಳಿರುವ ಸಂಘ ಮೊದಲನೆಯದರಲ್ಲಿ ತೃಪ್ತಿಪಡಲಿ. ದಶಕಗಳ ದಿನಪತ್ರಿಕೆ ಇರುವ ಸಂಸ್ಥೆಗೆ ಎರಡನೆಯದರ ದುಬಾರಿ ಬೆಲೆ ಉಳಿತಾಯವಾಗುವ ದುಡಿಮೆಯಲ್ಲಿ ವಾಪಸಾಗುತ್ತದೆ.

ಈ ದಾರಿಯ ನಿಜವಾದ ಖರ್ಚು ಮನುಷ್ಯರದ್ದು. ಪುಟ ತಿರುವುವವರೊಬ್ಬರು, ಗಣಕದ ಪರದೆಯಲ್ಲಿ ಪ್ರತಿ ಚಿತ್ರವನ್ನು ನೋಡುವವರೊಬ್ಬರು ಬೇಕೇ ಬೇಕು. ಎರಡನೆಯವರನ್ನು ಉಳಿತಾಯದ ಹೆಸರಿನಲ್ಲಿ ಬಿಟ್ಟರೆ ಮಸುಕಾದ ಪುಟ, ಜೋಡಿಯಾಗಿ ತಿರುಗಿದ ಹಾಳೆ, ಬೆರಳಿನಡಿ ಮರೆಯಾದ ಸಾಲು ಯಾರಿಗೂ ಗೊತ್ತಾಗುವುದಿಲ್ಲ.

ಏಜೆನ್ಸಿಗೆ ಕೊಡುವುದಾದರೆ

ಪುಟಕ್ಕೆ ಇಷ್ಟು ಎಂದು ದರ ಹೇಳುವ ಸಂಸ್ಥೆಗಳಿಗೆ ಕೆಲಸ ಒಪ್ಪಿಸುವುದರಲ್ಲಿ ಎರಡು ಅನುಕೂಲಗಳಿವೆ: ಬೇಗ ಮುಗಿಯುತ್ತದೆ, ಸಲಕರಣೆ ಕೊಳ್ಳಬೇಕಿಲ್ಲ. ಅನುದಾನದ ಹಣವನ್ನು ಮಾರ್ಚ್ ಕೊನೆಯೊಳಗೆ ಖರ್ಚು ಮಾಡಬೇಕಾದ ವಿಶ್ವವಿದ್ಯಾಲಯಗಳಿಗೆ ಬಹುಶಃ ಇದೊಂದೇ ದಾರಿ. ಆದರೆ ಈ ಸಂಸ್ಥೆಗಳಲ್ಲಿ ಹೆಚ್ಚಿನವು ಕಂದಾಯ ದಾಖಲೆ, ಬ್ಯಾಂಕಿನ ಕಡತಗಳಂಥ ಕೆಲಸದಲ್ಲಿ ಪಳಗಿದವು. ಕರಾರಿನಲ್ಲಿ ಬರೆಯದಿದ್ದರೆ ಅವು ತಮಗೆ ಗೊತ್ತಿರುವ ರೀತಿಯಲ್ಲೇ ಮಾಡುತ್ತವೆ. ಕಡತ ಚಿಕ್ಕದಾಗಲೆಂದು ಬರೀ ಕಪ್ಪು ಬಿಳುಪಿನ ಪಿಡಿಎಫ್ ಕೊಡುವುದು ಸಾಮಾನ್ಯ. ಚುಕ್ಕೆಗಳಿಂದಾದ ಪತ್ರಿಕೆಯ ಛಾಯಾಚಿತ್ರ ಅದರಲ್ಲಿ ಕಪ್ಪು ಮುದ್ದೆಯಾಗುತ್ತದೆ, ತೆಳುವಾಗಿ ಅಚ್ಚಾದ ಒತ್ತಕ್ಷರ ಮಾಯವಾಗುತ್ತದೆ.

ಆದ್ದರಿಂದ ಸಹಿ ಹಾಕುವ ಮೊದಲು ಕೆಲವನ್ನು ಬರಹದಲ್ಲಿ ಪಡೆಯಿರಿ. ಬೈಂಡಿನ ಬೆನ್ನನ್ನು ಕತ್ತರಿಸುವಂತಿಲ್ಲ. ಮೂಲ ಚಿತ್ರಗಳು ಸಂಕುಚಿತಗೊಳಿಸದ ಟಿಫ್ ಆಗಿರಬೇಕು, ಪಿಡಿಎಫ್ ಹೆಚ್ಚುವರಿ ಪ್ರತಿ ಮಾತ್ರ. ಪುಟದ ನಾಲ್ಕೂ ಅಂಚು ಕಾಣಬೇಕು. ಕಡತದ ಹೆಸರಿನಲ್ಲಿ ಪತ್ರಿಕೆ, ವರ್ಷ, ತಿಂಗಳು, ದಿನ, ಪುಟಸಂಖ್ಯೆ ಇದೇ ಕ್ರಮದಲ್ಲಿರಬೇಕು. ಇಲ್ಲದ ಸಂಚಿಕೆ, ಹರಿದ ಪುಟಗಳ ಪಟ್ಟಿ ಬೇರೆಯಾಗಿ ಬರಬೇಕು. ಕಡತಗಳ ಮೇಲೆ ಏಜೆನ್ಸಿಗೆ ಯಾವ ಹಕ್ಕೂ ಇರಬಾರದು. ಮೊದಲು ಒಂದು ಸಂಪುಟ ಕೊಟ್ಟು, ಅದರ ಚಿತ್ರಗಳನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ, ಆಮೇಲೆ ಉಳಿದದ್ದನ್ನು ಕೊಡಿ. ಚೂರು ಉದುರುವ ಸಂಪುಟಗಳನ್ನು ನಿಮ್ಮ ಕಟ್ಟಡದಿಂದ ಹೊರಗೆ ಕಳುಹಿಸಲೇಬೇಡಿ. ಅವರೇ ಯಂತ್ರ ತಂದು ನಿಮ್ಮ ಕಣ್ಣೆದುರು ಮಾಡಲಿ.

ಮೈಕ್ರೊಫಿಲ್ಮ್ ಇನ್ನೂ ಲೆಕ್ಕದಲ್ಲಿದೆಯೇ?

ಇದೆ. ಪಾಲಿಯೆಸ್ಟರ್ ಆಧಾರದ ಬೆಳ್ಳಿಯ ಫಿಲ್ಮನ್ನು ಸರಿಯಾಗಿ ಸಂಸ್ಕರಿಸಿ, ತಂಪಾದ ಒಣ ಕೋಣೆಯಲ್ಲಿಟ್ಟರೆ 500 ವರ್ಷ ಬಾಳುತ್ತದೆ ಎಂಬುದು ಮಾನಕಗಳ ಅಂದಾಜು. ಓದಲು ಬೆಳಕು ಮತ್ತು ಮಸೂರ ಸಾಕು. ಹಾರ್ಡ್ ಡಿಸ್ಕ್ ಬಗ್ಗೆ ಇಂಥ ಮಾತು ಆಡುವಂತಿಲ್ಲ. ಆದರೆ ಹೊಸದಾಗಿ ಫಿಲ್ಮ್ ಮಾಡುವ ಕ್ಯಾಮೆರಾ, ಸಂಸ್ಕರಣೆಯ ವ್ಯವಸ್ಥೆ, ಅದನ್ನು ಬಲ್ಲ ಕೈಗಳು ಈಗ ವಿರಳ. ಬಣ್ಣವಿಲ್ಲ, ಛಾಯಾಚಿತ್ರಗಳು ಗಡುಸಾಗುತ್ತವೆ. ನಮ್ಮ ಸೆಕೆಯಲ್ಲಿ ವರ್ಷವಿಡೀ ತಂಪು ಕಾಯ್ದುಕೊಳ್ಳುವ ಖರ್ಚು ಸಣ್ಣ ಸಂಸ್ಥೆಗೆ ಎಟುಕುವುದಿಲ್ಲ. ಹೊಸದಾಗಿ ಮೈಕ್ರೊಫಿಲ್ಮ್ ಮಾಡಿಸುವ ಯೋಚನೆ ರಾಜ್ಯಮಟ್ಟದ ಪತ್ರಾಗಾರಗಳಿಗೆ ಬಿಟ್ಟದ್ದು.

ನೀವು ಮಾಡಬೇಕಾದದ್ದು ಬೇರೆ: ನಿಮ್ಮ ಪತ್ರಿಕೆಯ ಫಿಲ್ಮ್ ಈಗಾಗಲೇ ಎಲ್ಲಾದರೂ ಇದೆಯೇ ಎಂದು ವಿಚಾರಿಸುವುದು. ದೆಹಲಿಯ ತೀನ್‌ಮೂರ್ತಿಯ ಗ್ರಂಥಾಲಯದಲ್ಲಿ (ಹಿಂದಿನ ನೆಹರೂ ಸ್ಮಾರಕ ಗ್ರಂಥಾಲಯ) ಭಾರತೀಯ ಪತ್ರಿಕೆಗಳ ದೊಡ್ಡ ಮೈಕ್ರೊಫಿಲ್ಮ್ ಸಂಗ್ರಹವಿದೆ. ಫಿಲ್ಮನ್ನು ಸ್ಕ್ಯಾನ್ ಮಾಡುವುದು ಕಾಗದವನ್ನು ಸ್ಕ್ಯಾನ್ ಮಾಡುವುದಕ್ಕಿಂತ ಎಷ್ಟೋ ವೇಗ, ಅಗ್ಗ. ಕಾಗದದ ಪ್ರತಿ ಬದುಕಿದ್ದರೆ ಮಾತ್ರ ಕಾಗದಕ್ಕೇ ಮೊದಲ ಸ್ಥಾನ, ಏಕೆಂದರೆ ದಶಕಗಳ ಹಿಂದಿನ ಫಿಲ್ಮಿನಲ್ಲಿ ಬೆನ್ನಿನ ಬಳಿಯ ಕಾಲಂಗಳು ನೆರಳಿನಲ್ಲಿ ಮುಳುಗಿರುವುದು ಸಾಮಾನ್ಯ. ಹಳೆಯ ಅಸಿಟೇಟ್ ಫಿಲ್ಮಿನ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬಂದರೆ ಅದು ಕೆಡುತ್ತಿದೆ ಎಂದರ್ಥ. ಅಂಥದ್ದು ಸರತಿಯಲ್ಲಿ ಎಲ್ಲಕ್ಕಿಂತ ಮುಂದೆ ಬರಬೇಕು.

ಹೀಗೆಯೇ, ನಿಮ್ಮಲ್ಲಿ ಕಾಣೆಯಾದ ಸಂಚಿಕೆಗಳಿಗೂ ಒಂದು ದಾರಿಯಿದೆ. ಪ್ರಕಾಶಕರು ನಿಗದಿತ ಗ್ರಂಥಾಲಯಗಳಿಗೆ ಪ್ರತಿ ಕಳುಹಿಸಬೇಕೆನ್ನುವ 1954ರ ಗ್ರಂಥಾಲಯ ಪ್ರತಿ ಸಲ್ಲಿಕೆ ಕಾಯ್ದೆಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಲಾಯಿತು. ಅಂದಿನಿಂದೀಚಿನ ಸಂಚಿಕೆಗಳಿಗಾಗಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕೊನ್ನೆಮರಾ ಗ್ರಂಥಾಲಯಗಳಲ್ಲಿ ಕೇಳಿ ನೋಡಬಹುದು.

ಬೇರೆಯವರ ಬಲದಿಂದ ಮಾಡುವುದು

ಹಣವೂ ಇಲ್ಲ, ತಾಂತ್ರಿಕ ಕೈಗಳೂ ಇಲ್ಲ ಎನ್ನುವವರಿಗೆ ಎರಡು ಬಾಗಿಲುಗಳಿವೆ. ಅಳಿವಿನಂಚಿನ ದಾಖಲೆಗಳಿಗಾಗಿ ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಅನುದಾನ ಯೋಜನೆ ಮೊದಲನೆಯದು. ಮೂಲಗಳು ದೇಶದಿಂದ ಹೊರಹೋಗುವುದಿಲ್ಲ, ತಾಂತ್ರಿಕ ಮಾನದಂಡ ಕಟ್ಟುನಿಟ್ಟು. ಪೈಪೋಟಿ ತೀವ್ರ, ಅರ್ಜಿಯೇ ಒಂದು ದೊಡ್ಡ ಕೆಲಸ, ಬೆನ್ನಿಗೆ ಸಂಶೋಧಕರೊಬ್ಬರು ಇರಬೇಕು. ಎರಡನೆಯದು ಇಂಟರ್‌ನೆಟ್ ಆರ್ಕೈವ್. ಅದರಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಡಿ ಬೆಂಗಳೂರಿನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು, ನಿಯತಕಾಲಿಕಗಳು ದೊಡ್ಡ ಪ್ರಮಾಣದಲ್ಲಿ ಎಲ್ಲರಿಗೂ ತೆರೆದಿವೆ. ನೀವೇ ತೆಗೆದ ಚಿತ್ರಗಳನ್ನೂ ಅಲ್ಲಿಗೆ ಉಚಿತವಾಗಿ ಏರಿಸಬಹುದು. ಏರಿಸುವಾಗ ಭಾಷೆಯ ಜಾಗದಲ್ಲಿ ಕನ್ನಡ ಎಂದು ನಮೂದಿಸುವುದನ್ನು ಮರೆಯಬೇಡಿ. ಪುಟದ ಪಠ್ಯ ತೆಗೆಯುವ ಯಂತ್ರ ಆ ನಮೂದನ್ನೇ ನಂಬಿ ಕೆಲಸ ಮಾಡುತ್ತದೆ.

ಇವೆರಡೂ ದೊಡ್ಡ ಸಂಸ್ಥೆಗಳು, ಹಾಗೆಂದು ನಿಮ್ಮ ಏಕೈಕ ಪ್ರತಿಯನ್ನು ಅಲ್ಲಿ ಬಿಡಬಾರದು. 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಕ್ಕ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ನಿಂತವು. ಮರುವರ್ಷ ಅದೇ ತಿಂಗಳಲ್ಲಿ ಇಂಟರ್‌ನೆಟ್ ಆರ್ಕೈವ್ ಮೇಲೂ ದಾಳಿಯಾಗಿ ತಾಣ ಕೆಲಕಾಲ ತೆರೆಯಲಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಹಳೆಯ ನಿಯಮ. ಚಿಕ್ಕ ಸಂಘಕ್ಕೆ ಎರಡು ಹಾರ್ಡ್ ಡಿಸ್ಕ್, ಅದರಲ್ಲಿ ಒಂದು ಬೇರೆ ಊರಿನ ಸದಸ್ಯರ ಮನೆಯಲ್ಲಿ, ಜೊತೆಗೆ ಜಾಲದಲ್ಲೊಂದು ಪ್ರತಿ ಇದ್ದರೆ ನಿಯಮ ಪಾಲಿಸಿದಂತಾಯಿತು. ಐದು ವರ್ಷಕ್ಕೊಮ್ಮೆ ಡಿಸ್ಕ್ ಬದಲಿಸುವ ಹಣವನ್ನು ಮೊದಲ ದಿನವೇ ತೆಗೆದಿಡಿ.

ಪಠ್ಯದ ಆಸೆ ಎಷ್ಟಿರಬೇಕು?

ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡ ಓದುತ್ತದೆ, ಗೂಗಲ್‌ನ ಸೇವೆಯೂ ಓದುತ್ತದೆ. ಈಚಿನ ಪುಸ್ತಕದ ಶುಭ್ರ ಪುಟದಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ. ಹಳೆಯ ಪತ್ರಿಕೆಯಲ್ಲಿ ತೊಡಕು ಎರಡು ಕಡೆಯಿಂದ ಬರುತ್ತದೆ. ಒಂದು ಅಕ್ಷರದ್ದು: ಮುರಿದ ಮೊಳೆ, ಹರಡಿದ ಶಾಯಿ, ಹಿಂಬದಿಯಿಂದ ಇಣುಕುವ ಅಚ್ಚು, ಅರ್ಕಾವೊತ್ತು. ಇನ್ನೊಂದು ವಿನ್ಯಾಸದ್ದು: ಒತ್ತೊತ್ತಾದ ಕಾಲಂಗಳ ನಡುವಿನ ಗೆರೆ ಮಾಸಿದ್ದರೆ ಯಂತ್ರ ಒಂದು ಸುದ್ದಿಯ ಸಾಲನ್ನು ಪಕ್ಕದ ಜಾಹೀರಾತಿನ ಸಾಲಿಗೆ ಅಂಟಿಸಿಬಿಡುತ್ತದೆ. ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆಗಳಂಥ ಕಲ್ಲಚ್ಚಿನ ಪುಟಗಳಲ್ಲಿ ಇರುವುದು ಕೈಬರಹ. ಅಂಥವಕ್ಕೆ ಈ ತಂತ್ರಾಂಶಗಳು ಉಪಯೋಗವಿಲ್ಲ, ಮನುಷ್ಯರೇ ಬೆರಳಚ್ಚು ಮಾಡಬೇಕು. ಪುಟಗಳೂ ಕಡಿಮೆ ಇರುವುದರಿಂದ ಅದು ಸಾಧ್ಯ.

ಆದ್ದರಿಂದ ಸೀಮಿತ ಹಣದಲ್ಲಿ ಪಠ್ಯಕ್ಕಿಂತ ಸೂಚಿಗೆ ಖರ್ಚು ಮಾಡಿ. ಪ್ರತಿ ಸಂಚಿಕೆಯ ತಾರೀಖು, ಪುಟಗಳ ಸಂಖ್ಯೆ, ಪುರವಣಿ ಇದೆಯೇ ಇಲ್ಲವೇ, ಮುಖಪುಟದ ಮುಖ್ಯ ತಲೆಬರಹಗಳು. ಇಷ್ಟನ್ನು ಕನ್ನಡ ಬಲ್ಲ ವಿದ್ಯಾರ್ಥಿ ಬೆರಳಚ್ಚು ಮಾಡಿದ ಒಂದು ಪಟ್ಟಿ, ತಪ್ಪುಗಳೇ ತುಂಬಿದ ಸಾವಿರ ಪುಟಗಳ ಯಂತ್ರಪಠ್ಯಕ್ಕಿಂತ ಸಂಶೋಧಕರಿಗೆ ಹೆಚ್ಚು ನೆರವಾಗುತ್ತದೆ. ಹಣ ಉಳಿದರೆ ಯಂತ್ರಪಠ್ಯವನ್ನೂ ತೆಗೆಸಿ, ತಪ್ಪುಗಳಿದ್ದರೂ ಚಿತ್ರದ ಹಿಂದೆ ಅದು ಇರಲಿ. ಮುತ್ತಜ್ಜನ ಹೆಸರು ಹುಡುಕುವವರಿಗೆ ಹತ್ತರಲ್ಲಿ ನಾಲ್ಕು ಸಲ ಸಿಕ್ಕಿದರೂ ಅದು ಏನೂ ಇಲ್ಲದ್ದಕ್ಕಿಂತ ಮೇಲು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಹಳೆಯ ಪತ್ರಿಕೆಗಳ ಯಂತ್ರಪಠ್ಯವನ್ನು ಓದುಗರೇ ಸಾಲು ಸಾಲಾಗಿ ತಿದ್ದುತ್ತಾರೆ. ವಿಕಿಸೋರ್ಸ್ ಎಂಬ ಮುಕ್ತ ಪುಸ್ತಕತಾಣದಲ್ಲಿ ಪುಸ್ತಕಗಳ ಪುಟ ತಿದ್ದುವ ಕನ್ನಡಿಗರು ನಮ್ಮಲ್ಲೂ ಇದ್ದಾರೆ. ಪತ್ರಿಕೆಗಳಿಗೂ ಅಂಥ ಕೈಗಳು ಸಿಗುತ್ತವೆ ಎಂದು ನಾನು ನಂಬಿದ್ದೇನೆ, ಅವರೆದುರು ಇಡಲು ಸ್ಪಷ್ಟ ಚಿತ್ರಗಳಿದ್ದರೆ.

ಹಕ್ಕಿನ ಮಾತು

ಹೆಸರಿಲ್ಲದ ವರದಿ ಮತ್ತು ಛಾಯಾಚಿತ್ರಗಳಿಗೆ, ಅವು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಲೇಖಕರ ಹೆಸರಿರುವ ಕಥೆ, ಕವಿತೆ, ಧಾರಾವಾಹಿಗಳಿಗೆ ಲೇಖಕರು ತೀರಿಕೊಂಡ ನಂತರ 60 ವರ್ಷ. ಆದ್ದರಿಂದ 1950ರ ಒಂದೇ ಪುಟದಲ್ಲಿ ಮುಕ್ತವಾದ ಸುದ್ದಿಯೂ ಹಕ್ಕಿರುವ ಕಥೆಯೂ ಅಕ್ಕಪಕ್ಕ ಇರಬಹುದು. ಈಗಲೂ ನಡೆಯುತ್ತಿರುವ ಪತ್ರಿಕೆಯಾದರೆ ಆಡಳಿತದಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಜಾಲದಲ್ಲಿ ತೆರೆದಿಡಲು ಅಡ್ಡಿಯಿದೆ ಎಂದು ಸ್ಕ್ಯಾನ್ ಮಾಡುವುದನ್ನೇ ನಿಲ್ಲಿಸಬೇಕಾಗಿಲ್ಲ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಹಾಗಾದರೆ ಯಾರು ಏನು ಮಾಡಬೇಕು? ಮನೆಯಲ್ಲಿ ನಾಲ್ಕಾರು ಸಂಪುಟ ಇರುವವರು ಸಲಕರಣೆ ಕೊಳ್ಳಲು ಹೋಗದೆ, ಕ್ಯಾಮೆರಾ ಕಂಬ ಇರುವ ಗ್ರಂಥಾಲಯಕ್ಕೋ ಸ್ಕ್ಯಾನಿಂಗ್ ತಂಡಕ್ಕೋ ಅವುಗಳನ್ನು ಕೊಟ್ಟು ಒಂದು ಪ್ರತಿ ಪಡೆಯಲಿ. ಜಿಲ್ಲಾಮಟ್ಟದ ಪತ್ರಿಕಾ ಕಚೇರಿ ಅಥವಾ ಸಂಘ 24 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು ಕಂಬದಿಂದ ಆರಂಭಿಸಿ, ಚೂರು ಉದುರುವ ಸಂಪುಟಗಳನ್ನು ಮೊದಲು ಮುಗಿಸಲಿ, ಪಠ್ಯದ ಚಿಂತೆಯನ್ನು ಸದ್ಯಕ್ಕೆ ಬಿಡಲಿ. ವಿಶ್ವವಿದ್ಯಾಲಯ ಮತ್ತು ದೊಡ್ಡ ಪತ್ರಿಕಾ ಸಂಸ್ಥೆಗಳು ಸಂಗ್ರಹವನ್ನು ಎರಡು ಪಾಲು ಮಾಡಲಿ: ಗಟ್ಟಿ ಕಾಗದದ ಸಂಪುಟಗಳು ಬಿಗಿ ಕರಾರಿನೊಂದಿಗೆ ಏಜೆನ್ಸಿಗೆ, ಪುಡಿಯಾಗುತ್ತಿರುವವು ಸ್ವಂತ ಕೊಠಡಿಯಲ್ಲಿ ಸ್ವಂತ ಜನರಿಂದ. ಮತ್ತು ಇವರಲ್ಲಿ ಯಾರೂ ಸ್ಕ್ಯಾನ್ ಆಯಿತೆಂದು ಮೂಲ ಸಂಪುಟಗಳನ್ನು ರದ್ದಿಗೆ ಹಾಕಬಾರದು. ಮೈಕ್ರೊಫಿಲ್ಮ್ ಬಂದ ದಶಕಗಳಲ್ಲಿ ಅಮೆರಿಕದ ಅನೇಕ ಗ್ರಂಥಾಲಯಗಳು ಮೂಲ ಪತ್ರಿಕೆಗಳನ್ನು ಕೈಬಿಟ್ಟವು. ಫಿಲ್ಮಿನಲ್ಲಿ ಪುಟ ತಪ್ಪಿದ್ದು, ಬಣ್ಣದ ಪುರವಣಿ ಕಪ್ಪು ಬಿಳುಪಾದದ್ದು ಗೊತ್ತಾದಾಗ ಮರಳಿ ನೋಡಲು ಅವುಗಳ ಬಳಿ ಕಾಗದ ಉಳಿದಿರಲಿಲ್ಲ. ಸ್ಕ್ಯಾನ್ ಆದ ಸಂಪುಟವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸಿ ಇಡಿ.